ಮೊಂಡು ಪೆನ್ಸಿಲು

ಮೂರು ವಾರಕ್ಕೊಮ್ಮೆ ನಮ್ಮ ಪುಸ್ತಕದ ಹಡಗು
ನಾರ್ವೆಯ ಆ ಸಣ್ಣ ಕೊಲ್ಲಿಗೆ ಬರುತ್ತದೆ.
ಕಟ್ಟೆಯ ಮೇಲೆ ತೋರ್ಗುನ್ ಮುದುಕಿ,
ಚೀಲದಲ್ಲಿ ಏಳು ಕಾದಂಬರಿ,
ಕಿವಿಯ ಸಂದಿಯಲ್ಲಿ ಮೊಂಡು ಪೆನ್ಸಿಲು.

ಬರೀಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ.

ಪತ್ತೇದಾರಿಯ ನಲವತ್ತನೇ ಪುಟಕ್ಕೇ:
"ಅಡುಗೆಯವಳ ಗಂಡ. ನೋಡ್ತಿರಿ."
ಆಮೇಲೆ ಓದಿದವರೆಲ್ಲ ಬೈದದ್ದು ನನಗೆ.
ಪ್ರೇಮಕಥೆಯಲ್ಲಿ, ಮುತ್ತಿನ ಪಕ್ಕದಲ್ಲಿ:
"ಆಯ್ತು. ಇವನು ಒಂದು ದಿನವಾದರೂ ಒಲೆ ಹಚ್ಚಿದ್ದಾನಾ?"
ಮುನ್ನೂರು ವರ್ಷ ನಕ್ಷತ್ರಗಳಾಚೆ ಹಾರಿದ ನೌಕೆಗೆ
ಒಂದೇ ಪ್ರಶ್ನೆ, ಬಟ್ಟೆ ಒಗೆಯೋರು ಯಾರು?
ದೆವ್ವದ ಕಾದಂಬರಿಯಲ್ಲಿ ಒಂದಕ್ಷರವಿಲ್ಲ,
ಬರೀ ಕುರಿಕೊಟ್ಟಿಗೆಯ ವಾಸನೆ.
ರಾತ್ರಿ ಮನೆಯೊಳಗೆ ಇಟ್ಟುಕೊಳ್ಳಲಿಲ್ಲವಂತೆ.

ಹೋದ ಚಳಿಗಾಲ, ಗೊತ್ತಿಲ್ಲದೆ, ಒಂದು ತೆಳು ಪುಸ್ತಕ ಕೊಟ್ಟೆ:
ಮೀನಿಗೆ ಹೋದ ಅಣ್ಣತಮ್ಮಂದಿರು,
ತಿರುಗಿ ಬಂದವನು ಒಬ್ಬ.
ನಾಲ್ಕು ಸಲ ಹಡಗು ಬಂತು, ಪುಸ್ತಕ ಬರಲಿಲ್ಲ.
ನಾನೂ ಕೇಳಲಿಲ್ಲ.
ಹಿಮ ಕರಗಿದ ಮೇಲೆ ಕೈಗಿಟ್ಟಳು.
ಕೊನೆಯ ಹಾಳೆಯಲ್ಲಿ, ಮೊನೆ ಮುರಿಯುವಷ್ಟು ಒತ್ತಿ:
"ಪಡುವಣ ಗಾಳಿಯಲ್ಲ.
ಅವತ್ತು ಬೀಸಿದ್ದು ಬಡಗಣದ್ದು."

ದಂಡ ಎಷ್ಟು, ಅಂದಳು.
ರಬ್ಬರು ಜೇಬಲ್ಲೇ ಇತ್ತು.
ಹೊಸ ಪತ್ತೇದಾರಿ ಬಂದಿದೆ, ಅಂದೆ.