ಹುಲ್ಲಿನ ಎತ್ತರ

ನಮ್ಮ ತೋಟಗಳ ಸಂಘದಲ್ಲಿ ಅಳತೆಯ ಕೆಲಸ ನನ್ನದು.
ಲೈಪ್‌ಜಿಗ್‌ನ ರೈಲು ಹಳಿಗೆ ಬೆನ್ನು ಕೊಟ್ಟ
ತೊಂಬತ್ತೊಂದು ತುಂಡು ನೆಲ. ಗುಡಿಸಲ ಸೂರು ಎಷ್ಟು,
ಸೇಬಿನ ಕೊಂಬೆ ಪಕ್ಕದವರ ಕಡೆಗೆ ಎಷ್ಟು ಬಾಗಿದೆ,
ಟೇಪು ಎಳೆದು ಪುಸ್ತಕದಲ್ಲಿ ಬರೆಯುತ್ತೇನೆ.
ಬೇಲಿ ಒಂದೂಕಾಲು ಮೀಟರ್ ಮೀರಬಾರದು.

ನಲವತ್ತಮೂರನೆಯ ತುಂಡಿನ ಹಾನಲೋರೆ
ಬೇಲಿ ಕಿತ್ತು ಹುಲ್ಲು ನೆಟ್ಟಳು.
ಗೊಬ್ಬರ ಹಾಕಲಿಲ್ಲ. "ಉಂಡರೆ ಸೋಮಾರಿಯಾಗುತ್ತದೆ,
ಮೊದಲ ಮಳೆಗೇ ಮಲಗಿಬಿಡುತ್ತದೆ."
ಮೂರು ವರ್ಷ ಅದು
ನಿದ್ದೆಯಿಂದೆದ್ದ ಹುಡುಗನ ತಲೆಯ ಹಾಗೆ ಕೆದರಿ ಕೂತಿತ್ತು.
ನಾಲ್ಕನೆಯ ಬೇಸಿಗೆ ನನ್ನ ಹೆಗಲು ದಾಟಿತು.
ಆಗಸ್ಟ್ ಕೊನೆಗೆ ತೆನೆ:
ತಾಮ್ರದ ಬಣ್ಣ, ಆಮೇಲೆ ಮಾಸಿದ ಬೆಳ್ಳಿ.

ದೂರು ಕೊಟ್ಟವನು ನಲವತ್ತನಾಲ್ಕರ ಡೀಟ್‌ಮಾರ್.
ಸಭೆ ಸೇರಿತು. ಹುಲ್ಲು ಬೇಲಿಯೇ, ಬೆಳೆಯೇ, ಕಳೆಯೇ?
ನಿಯಮದ ಪುಸ್ತಕ ಹದಿನೇಳು ಪುಟ; ಹುಲ್ಲೆಂಬ ಮಾತು
ಬರುವುದು ಒಂದೇ ಕಡೆ:
ಭಾನುವಾರ ಹುಲ್ಲು ಕತ್ತರಿಸುವ ಮಷಿನ್ ಓಡಿಸಬಾರದು.
ಡೀಟ್‌ಮಾರ್ ಮೇಜು ಗುದ್ದಿದ. ಕಾಫಿ ಚೆಲ್ಲಿತು.
ಎಲ್ಲರೂ ನನ್ನ ಕಡೆ ತಿರುಗಿದರು.

ಹೋದೆ. ಗಾಳಿ.
ಟೇಪು ನೆಟ್ಟಗೆ ನಿಂತಿತು, ಹುಲ್ಲು ನಿಲ್ಲಲಿಲ್ಲ.
ಒಂದು ಎಪ್ಪತ್ತು, ಒಂದು ಇಪ್ಪತ್ತು, ಮತ್ತೆ ಒಂದು ತೊಂಬತ್ತು.
ಯಾವುದನ್ನು ಬರೆಯಲಿ?
ಹಿಡಿದು ನಿಲ್ಲಿಸಹೋದರೆ ಎಲೆಯ ಅಂಚು ಬೆರಳು ಸೀಳಿತು.
ಹಾನಲೋರೆ ಒಳಗಿಂದ ಬಟ್ಟೆ ತಂದು ಕಟ್ಟಿದಳು. ಮಾತಿಲ್ಲ.

ಅಕ್ಟೋಬರಿನಲ್ಲಿ ಎಲ್ಲರೂ ತಂತಮ್ಮ ತೋಟ ಬೋಳಿಸಿದರು.
ಅವಳು ಕತ್ತರಿ ಮುಟ್ಟಲಿಲ್ಲ. ಒಣಗಿದ ಎಲೆಯನ್ನೇ ಹುರಿ ಹೊಸೆದು
ಒಂದೊಂದು ಬುಡವನ್ನೂ ಜಡೆಯಂತೆ ಎತ್ತಿ ಕಟ್ಟಿದಳು.
"ಚಳಿಗೆ ಸಾಯುವ ಜಾತಿಯಲ್ಲ.
ಒದ್ದೆಗೆ ಸಾಯುತ್ತದೆ."

ಜನವರಿ. ಮೈನಸ್ ಹದಿನಾಲ್ಕು.
ತೊಂಬತ್ತು ತುಂಡುಗಳಲ್ಲಿ ಬರೀ ಮಣ್ಣು, ಗೋಣಿ ಸುತ್ತಿದ ನಲ್ಲಿ.
ನಲವತ್ತಮೂರರಲ್ಲಿ ಹಿಮ
ಒಂದು ತೆನೆಯನ್ನೂ ಬಿಡದೆ ಎಣಿಸಿ ಗುರುತು ಹಾಕಿತ್ತು.
ಡೀಟ್‌ಮಾರ್ ನಿಂತಿದ್ದ, ಟೋಪಿ ಕೈಯಲ್ಲಿ.
ಏನು ನೋಡ್ತಿದ್ದೀಯ ಅಂದೆ.
ನಲ್ಲಿ ಒಡೆದಿದೆಯೇನೋ ಅಂತ, ಅಂದ.
ನಲ್ಲಿ ಇರುವುದು ಅವನ ಬೆನ್ನ ಹಿಂದೆ.

ಮಾರ್ಚಿನಲ್ಲಿ ಹಾನಲೋರೆ ಗೇಣುದ್ದ ಬಿಟ್ಟು ಕೊಯ್ದಳು.
ನಡುವೆ ಸತ್ತು ಬಳೆಯಾಗಿದ್ದ ಬುಡವೊಂದನ್ನು
ಸೀಳಹೋದರೆ ಗುದ್ದಲಿ ಬಾಗಿತು; ಗರಗಸವೇ ಬೇಕಾಯಿತು.
ಗರಗಸ ಡೀಟ್‌ಮಾರನದು.
ಹಿಂದಿರುಗಿಸಿದಳೋ ಇಲ್ಲವೋ ಗೊತ್ತಿಲ್ಲ.

ನನ್ನ ಪುಸ್ತಕದಲ್ಲಿ ಎತ್ತರದ ಕಾಲಂ ಇನ್ನೂ ಖಾಲಿ.
ಪಕ್ಕದಲ್ಲಿ, ಪೆನ್ಸಿಲಿನಲ್ಲಿ:
ಗಾಳಿ ನಿಂತಾಗ ನೋಡಬೇಕು.