ಹೆಬ್ಬೆರಳಿನ ಲೆಕ್ಕ

ಹೊರಗೆ ಮೈನಸ್ ಇಪ್ಪತ್ತೇಳು.
ಕರಗಂಡಾದ ಕ್ರೀಡಾಂಗಣದ ಬಾಗಿಲು ತೆರೆದಾಗಲೆಲ್ಲ
ಬಯಲಿನ ಗಾಳಿ ಟಿಕೆಟ್ಟಿಲ್ಲದೆ ಒಳನುಗ್ಗಿ
ಪ್ರಾಯೋಜಕರ ಬ್ಯಾನರನ್ನು ಪಟಪಟ ಬಡಿಯುತ್ತದೆ.
ನೆಲದ ಮೇಲೆ ಬಿಳಿ ಹಲಗೆಯ ಸುತ್ತುದಾರಿ,
ಆರು ಮರದ ಘನಗಳು, ಒಂದು ಇಳಿಜಾರು.
ಇಪ್ಪತ್ತೆರಡು ಶಾಲೆಗಳ ಪುಟ್ಟ ಯಂತ್ರಗಳು
ಗೋಡೆಗೆ ಬಾಯಿಟ್ಟು ಕರೆಂಟು ಕುಡಿಯುತ್ತಿವೆ.

ಎಲೆಕ್ಟ್ರಾನಿಕ್ ಗಡಿಯಾರ ಬೆಳಿಗ್ಗೆಯೇ ಸತ್ತಿತು.
ಆದ್ದರಿಂದ ನಾನು:
ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು, ಅರವತ್ತೆಂಟು,
ಕೊರಳಲ್ಲಿ ಸ್ಟಾಪ್‌ವಾಚು,
ಮಂಡಿಗೆ ಒಂಟೆಯುಣ್ಣೆಯ ಪಟ್ಟಿ.

ಈ ವರ್ಷ ನಿಯಮವೊಂದು ಹೊಸದು:
ತಂಡದ ಪ್ರತಿ ಮಗುವೂ ಒಂದು ಸುತ್ತಾದರೂ
ಜಾಯ್‌ಸ್ಟಿಕ್ ಹಿಡಿಯಬೇಕು.
ಬರೆದವರಿಗೆ ಒಳ್ಳೆಯ ಮನಸ್ಸು.
ಓದಿದ ತರಬೇತುದಾರರಿಗೆ ಒಳ್ಳೆಯ ಗಣಿತ:
ಗೆದ್ದಾಗಿರುವ ಸುತ್ತಿನಲ್ಲೋ ಸೋತಾಗಿರುವ ಸುತ್ತಿನಲ್ಲೋ
ನಿಧಾನದ ಮಕ್ಕಳನ್ನು ಸೇರಿಸಿ ಮುಗಿಸಿಬಿಡು,
ತೂಕಕ್ಕೆ ಅಕ್ಕಿಯಲ್ಲಿ ಕಲ್ಲು ಸೇರಿಸಿದ ಹಾಗೆ.

ನಲವತ್ತೊಂದನೇ ಶಾಲೆಯ ಬೆಕ್ಜಾತನ ಕೈ
ಹುಟ್ಟಿದಾಗಿನಿಂದ ನಡುಗುತ್ತದೆ.
ಚಹಾ ತುಟಿಗೆ ಬರುವಷ್ಟರಲ್ಲಿ ಅರ್ಧ ಅಂಗಿಗೆ.
ತೊಗ್ಜಾನ್, ಅವರ ನಾಯಕಿ,
ಗಣಿಯ ಲಿಫ್ಟಿನಲ್ಲಿ ರಾತ್ರಿಪಾಳಿ ಮಾಡುವವಳ ಮಗಳು,
ಮೂರು ತಿಂಗಳು ಕೂತು ಬರೆದಳಂತೆ ಒಂದು ಜರಡಿ.
ನೂರು ಸಾಲಿನ ಪ್ರೋಗ್ರಾಂ;
ನಡುಕವನ್ನು ಮೇಲೆಯೇ ತಡೆದು
ನಡೆಯನ್ನಷ್ಟೇ ಯಂತ್ರಕ್ಕೆ ಬಿಡುವುದು.
ಸೋಸುವುದಕ್ಕೆ ಹೊತ್ತು ಬೇಕು:
ತಿರುವಿಗೊಂದು ಕಾಲು ಸೆಕೆಂಡು ಸುಂಕ.

ಮೊದಲ ದಿನ ಯಂತ್ರ ಬೆಣ್ಣೆಯಲ್ಲಿ ಜಾರಿದಂತೆ ಓಡಿತು.
"ಚೆನ್ನಾಗಿದೆ," ಅಂದ ಬೆಕ್ಜಾತ್,
"ಆದರೆ ಓಡಿಸಿದ್ದು ನಾನಾ, ಜರಡಿಯಾ?"
ಅವಳು ಒಂದು ವಾರ ಮಾತಾಡಲಿಲ್ಲ.
ಆಮೇಲೆ ಜರಡಿಯ ಕಣ್ಣನ್ನು ಕೊಂಚ ಅಗಲ ಮಾಡಿದಳು.

ಜ್ವರ ಬಂದು ಅವನ ಸರದಿ ಮುಂದೆ ಹೋಗುತ್ತ ಹೋಗುತ್ತ
ಕೊನೆಗೆ ಫೈನಲ್ಲಿಗೇ ಬಂದು ನಿಂತಿತು.
ವೈದ್ಯರ ಚೀಟಿ ಇದ್ದರೆ ವಿನಾಯಿತಿ ಉಂಟು;
ಚೀಟಿ ತರಬೇತುದಾರರ ಜೇಬಿನಲ್ಲೇ ಇತ್ತು.
ಐದು ಮಕ್ಕಳು ಚಾಪೆಗಳ ರಾಶಿಯ ಹಿಂದೆ ಮತ ಹಾಕಿದರು.
ಅವನೇ ಓಡಿಸಲಿ ಎಂದು ಮೂರು ಕೈ.
ಬೇಡ ಎಂದು ಎರಡು.
ಆ ಎರಡರಲ್ಲಿ ಒಂದು ತೊಗ್ಜಾನಳದು.
ಬೈಯಬೇಡಿ.
ಗೆದ್ದ ತಂಡದ ನಾಯಕಿಗೆ ಅಲ್ಮಾಟಿಯಲ್ಲಿ ಸೀಟು, ಹಾಸ್ಟೆಲ್ಲು;
ಅವಳ ತಾಯಿಯ ಕೆಮ್ಮು ನಾನು ಕೇಳಿದ್ದೇನೆ.

ಅಸ್ತಾನಾದವರು ಮುಗಿಸಿದ್ದು ಎಪ್ಪತ್ತನಾಲ್ಕು ದಶಮಾಂಶ ಆರು.
ಬೆಕ್ಜಾತ್ ಹಿಡಿದ. ನಾನು ಒತ್ತಿದೆ.
ಇಳಿಜಾರು ಏರುವಾಗ ಯಂತ್ರ ಒಮ್ಮೆ ತೊದಲಿತು,
ಮತ್ತೆ ಮಾತು ಸಿಕ್ಕಂತೆ ಹೊರಟಿತು.
ಐದು ಘನ. ಆರನೆಯದು ಅಟ್ಟದ ಅಂಚಿನಲ್ಲಿ.
ನಿಯಮ ಹೇಳುತ್ತದೆ: ಘನ ನಿಶ್ಚಲವಾದ ಕ್ಷಣಕ್ಕೆ ಕಾಲ ನಿಲ್ಲಬೇಕು.
ಯಂತ್ರದ ಬೆರಳು ಬಿಟ್ಟಿತು. ಘನ ಅಲುಗಿತು.
ಅಲುಗಿತೇ?
ಎಪ್ಪತ್ತನಾಲ್ಕು ದಶಮಾಂಶ ಎಂಟು.

ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ:
ಕಣ್ಣಿನಿಂದ ಹೆಬ್ಬೆರಳಿಗೆ ದಾರಿ ಸೆಕೆಂಡಿನ ಐದನೇ ಒಂದು ಪಾಲು.
ಅದು ಎಳೆಯರ ಹೆಬ್ಬೆರಳಿನ ಲೆಕ್ಕ.
ಘನ ನಿಂತ ಮೇಲೆಯೂ
ಆ ಹುಡುಗ ಮುಟ್ಟಿದ್ದು ಇನ್ನೂ ನಡುಗುತ್ತಿರಬೇಕೆಂದು
ನಾನು ಕಾದೆನೇ?
ಗೊತ್ತಿಲ್ಲ. ಯಾರೂ ಕೇಳಲಿಲ್ಲ. ಸಹಿ ಹಾಕಿದೆ.

ಅಸ್ತಾನಾದವರು ಕುಣಿದರು. ಕುಣಿಯಲೇಬೇಕು.
ತೊಗ್ಜಾನ್ ಬೂಟು ಹಾಕಿಕೊಂಡು,
ಕೋಟು ಮರೆತು, ಹೊರಗೆ ಹೋದಳು.
ಅವಳ ಕೋಟು ಹಿಡಿದು ಒಬ್ಬ ಹುಡುಗ ಓಡಿದ.

ಬೆಕ್ಜಾತ್ ನನ್ನ ಬಳಿ ಬಂದ.
"ಅಜ್ಜಿ, ವಾಚು ತೋರಿಸ್ತೀರಾ?
ಹೋದ ವಾರ ತೊಂಬತ್ತೊಂದು ಇತ್ತು ನಂದು."
ಫೋನು ತೆಗೆದು ಫೋಟೋ ಹೊಡೆದ; ಮಸುಕು.
ಇನ್ನೊಂದು ಹೊಡೆದ; ಮಸುಕು.
ಮೂರನೆಯದಕ್ಕೆ ಉಸಿರು ಬಿಗಿಹಿಡಿದು ನಿಂತ.
ಅಷ್ಟು ಹೊತ್ತೂ ನಾನು ಎರಡೂ ಕೈಯಲ್ಲಿ
ವಾಚು ಅಲುಗದಂತೆ ಹಿಡಿಯಲು ನೋಡುತ್ತಿದ್ದೆ.