ಎಡಮಗ್ಗುಲು

ನಲವತ್ತು ವರ್ಷ ಪೇಟೆಬೀದಿಯ ಅಂಗಡಿಯಲ್ಲಿ
ಗದ್ದದಡಿ ಒಂದೇ ಬೆರಳಿಟ್ಟು
ತಲೆ ತಿರುಗಿಸಿದವನು ನಾನು:
ಹೆಡ್‌ಮಾಸ್ತರರದು, ಸಕ್ಕರೆ ಕಾರ್ಖಾನೆ ಇಂಜಿನಿಯರದು,
ಅಳುವ ಕೂಸಿನದು.
ಬಗ್ಗು ಅಂತ ಬಾಯಲ್ಲಿ ಹೇಳಿದ್ದಿಲ್ಲ.

ಈಗ ನನ್ನನ್ನು ತಿರುಗಿಸುತ್ತಾರೆ.
'ಎಡಮಗ್ಗುಲಾಗಿ ಮುದ್ದಯ್ಯನವರೇ,
ಎಡಗೈ ತಲೆಯಡಿ,' ಅನ್ನುತ್ತಾಳೆ ಜೆಸಿಂತಾ.
ಎಡಮಗ್ಗುಲಲ್ಲಿ ಎದ್ದರೆ ದಿನವೇ ಕೆಟ್ಟಿತು ಅನ್ನುತ್ತಿದ್ದಳು ಅವ್ವ;
ಮಲಗುವುದರ ಬಗ್ಗೆ ಏನೂ ಹೇಳಿರಲಿಲ್ಲ.

ಡಾಕ್ಟರು ಮೈಸೂರಲ್ಲಿ. ಅವರ ಕೈ ಮಾತ್ರ ಮಂಡ್ಯದಲ್ಲಿ.
ಶ್ರೀರಂಗಪಟ್ಟಣದ ಹೊಳೆ ದಾಟಿಯೂ ನೆನೆಯದೆ
ತಂತಿಯಲ್ಲಿ ಬಂದು,
ಮೂರು ಮೊಣಕೈಯ ಬಿಳಿ ರೋಬೋಟಾಗಿ
ನನ್ನ ಪಕ್ಕೆಲುಬಿನ ಸಂದು ಹುಡುಕುತ್ತದೆ.
ಮೊದಲು ತಣ್ಣನೆ ಲೋಳೆ,
ಬ್ರಷ್ಷಿಲ್ಲದೆ ಸೋಪು ಹಚ್ಚಿದ ಹಾಗೆ.
ಆಮೇಲೆ ಒತ್ತು.
ಪರವಾಗಿಲ್ಲ, ನನ್ನ ಹತ್ತಿರ ಕೆಲಸ ಕಲಿತ ಮೊದಲ ಹುಡುಗ
ಇದಕ್ಕಿಂತ ಒರಟಾಗಿದ್ದ.

ಆದರೂ ಚಿತ್ರ ಸಿಗಲಿಲ್ಲ.
ಶ್ವಾಸಕೋಶದ ಗಾಳಿ ಅಡ್ಡ ಬಂತಂತೆ.
ಪೆಟ್ಟಿಗೆಯೊಳಗಿಂದ ಮೈಸೂರಿನ ದನಿ:
'ಇನ್ನೂ ಸ್ವಲ್ಪ ವಾಲಿಸಿ.'
ವಾಲಿಸುವುದು ಆ ಕೈಗೆ ಬಾರದು.
ಜೆಸಿಂತಾ ಎದ್ದು ಬಂದಳು,
ಬೆನ್ನಿಗೊಂದು ದಿಂಬು ಸಿಕ್ಕಿಸಿದಳು,
ಹೆಗಲಿಗೆ ಎರಡೇ ಬೆರಳು.
ನಾನು ತಿರುಗಿದ್ದು ನನಗೇ ಗೊತ್ತಾಗಲಿಲ್ಲ.

ಕಸುಬು ಬಲ್ಲವಳು, ಅಂದುಕೊಂಡೆ.
ಕೇಳಿದ್ದಕ್ಕೆ ಹೇಳಿದಳು: ಹನ್ನೊಂದು ವರ್ಷ
ಪ್ರೋಬು ಒತ್ತಿ ಒತ್ತಿ ಬಲಭುಜ ಸತ್ತುಹೋಗಿದೆ,
ಜಡೆ ಹೆಣೆಯಲು ತಂಗಿ ಬೇಕು.
ಕತ್ತರಿಗೆ ಒಗ್ಗಿ ಸೊಟ್ಟಗಾದ ಹೆಬ್ಬೆರಳನ್ನು
ನಾನೂ ಚಾದರದ ಹೊರಗೆ ತೆಗೆದು ತೋರಿಸಿದೆ.
ಇಬ್ಬರೂ ಯಂತ್ರವನ್ನು ನೋಡಿದೆವು.
ಅದರ ಮೇಲೆ ಸಿಟ್ಟು ಬರಲಿಲ್ಲ.

'ಉಸಿರು ಬಿಡಿ. ಹಾಗೇ ಹಿಡಿದಿರಿ.'
ಗಂಟಲ ಗಂಟಿನ ಮೇಲೆ ಕತ್ತಿ ಇಡುವಾಗ
ನಾನೂ ಇದಕ್ಕೇ ಕಾಯುತ್ತಿದ್ದೆ,
ಗಿರಾಕಿಗೆ ಹೇಳದೆ.

ಪರದೆಯ ಮಬ್ಬಿನಲ್ಲಿ
ಎರಡು ತೆಳು ಅಲಗು ತೆರೆದು ಮುಚ್ಚುತ್ತಿದ್ದವು,
ಕಚ ಕಚ, ಎಪ್ಪತ್ತೊಂದು ವರ್ಷದಿಂದ
ಮಂಗಳವಾರವೂ ಬಾಗಿಲು ಹಾಕದ ಅಂಗಡಿ.
ತುದಿಯಲ್ಲಿ ಪೂರ್ತಿ ಕೂಡುತ್ತಿಲ್ಲ.
ಅವರು ಹೇಳುವ ಮೊದಲೇ ಕಂಡಿತು ನನಗೆ.
'ತಿರುಪು ಸಡಿಲವಾಗಿದೆ,' ಅಂದೆ.

ಮೈಸೂರು ಒಂದು ಕ್ಷಣ ಸುಮ್ಮನಾಯಿತು.
'ಯಾರದು ಮಾತಾಡಿದ್ದು?'

ಜೆಸಿಂತಾ ನಗು ನುಂಗಿಕೊಂಡು
ಟವೆಲಿನಲ್ಲಿ ನನ್ನ ಎದೆ ಒರೆಸತೊಡಗಿದಳು,
ಕೂದಲು ಮಲಗಿದ ದಿಕ್ಕಿಗೇ.